ಔಷಧಗಳ ಗಾಜುಸ್ಥಿತಿ: ಅಣುಗಳ ಸಡಿಲಿಕೆಯೂ ಜಲಜನಕ ಬಂಧವೂ

ಘನ, ದ್ರವ, ಅನಿಲ ಎಂಬ ಮೂರು ಅವಸ್ಥೆಗಳ ಪಾಠ ಪ್ರಾಥಮಿಕ ಶಾಲೆಯ ಬಾಲಕನಿಗೂ ಕಂಠಸ್ಥವಾಗಿರುತ್ತದೆ. ಮಂಜುಗಡ್ಡೆ ಶೂನ್ಯ ಡಿಗ್ರಿಯಲ್ಲಿ ಕರಗುತ್ತದೆ, ನೀರು ಅದೇ ಶೂನ್ಯ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ ಎಂದು ಅವನು ತಡೆಯಿಲ್ಲದೆ ಒಪ್ಪಿಸುತ್ತಾನೆ. ಈ ಎರಡು ಮಾತುಗಳಲ್ಲಿ ಮೊದಲನೆಯದನ್ನು ನಂಬಬಹುದು. ಎರಡನೆಯದು ಎಲ್ಲ ಕಾಲಕ್ಕೂ ನಿಜವಲ್ಲ. 1724ರಷ್ಟು ಹಿಂದೆಯೇ, ಉಷ್ಣಮಾಪಕಕ್ಕೆ ತನ್ನ ಹೆಸರನ್ನು ಕೊಟ್ಟ ಫ್ಯಾರನ್‌ಹೀಟನು, ಗಾಜಿನ ಬುರುಡೆಯೊಳಗಿಟ್ಟ ನೀರು ಹೆಪ್ಪುಗಟ್ಟಬೇಕಾದ ಉಷ್ಣತೆಗಿಂತ ಕೆಳಗಿಳಿದರೂ ದ್ರವವಾಗಿಯೇ ಉಳಿದುದನ್ನು ಪ್ರಕಟಿಸಿದನು. ಒಂದು ಚೂರು ಮಂಜನ್ನು ಅದಕ್ಕೆ ಸೋಕಿಸಿದೊಡನೆ ಹೆಪ್ಪುಗಟ್ಟುವಿಕೆ ಆರಂಭವಾಯಿತು.

ಈ ವಿಸ್ಮಯವನ್ನು ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿಯೇ ತೋರಿಸಬಹುದು. ಛಾಯಾಚಿತ್ರಗಾರರು ಬಳಸುತ್ತಿದ್ದ ಹೈಪೋ ಹರಳುಗಳನ್ನು ಶುಭ್ರವಾದ ಪ್ರನಾಳದಲ್ಲಿ ಮೆಲ್ಲನೆ ಕಾಯಿಸಿದರೆ ಸುಮಾರು 48 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅವು ಕರಗುತ್ತವೆ. ಪ್ರನಾಳದ ಬಾಯಿಗೆ ಹತ್ತಿ ಇಟ್ಟು ಅಲುಗಿಸದೆ ಆರಗೊಟ್ಟರೆ ಕೋಣೆಯ ಉಷ್ಣತೆಗೆ ಇಳಿದ ಮೇಲೂ ಅದು ತಿಳಿಯಾದ ದ್ರವವಾಗಿಯೇ ನಿಲ್ಲುತ್ತದೆ. ಆಗ ಒಂದೇ ಒಂದು ಹೈಪೋ ಹರಳನ್ನು ಅದರೊಳಕ್ಕೆ ಹಾಕಿದರೆ, ಅದರ ಸುತ್ತಲಿಂದ ಆರಂಭವಾಗಿ ನೋಡನೋಡುತ್ತಿದ್ದಂತೆ ದ್ರವವೆಲ್ಲವೂ ಹರಳುಗಟ್ಟಿ, ಪ್ರನಾಳ ಕೈಗೆ ಬಿಸಿ ತಾಗುತ್ತದೆ. ಬಿಡುಗಡೆಯಾದ ಆ ಶಾಖವೇ ದ್ರವವು ಅಷ್ಟು ಹೊತ್ತು ತನ್ನೊಳಗೆ ಹಿಡಿದಿಟ್ಟುಕೊಂಡಿದ್ದ ಹೆಚ್ಚಿನ ಶಕ್ತಿಗೆ ಸಾಕ್ಷಿ.

ಹೀಗೆ ಹೆಪ್ಪುಗಟ್ಟುವ ಗಡಿಯನ್ನು ದಾಟಿಯೂ ದ್ರವವಾಗಿಯೇ ಉಳಿದುದನ್ನು ‘ಅತಿಶೀತಿತ ದ್ರವ’ ಎನ್ನುತ್ತಾರೆ. ಈ ಪದದಲ್ಲಿರುವ ‘ಅತಿ’ ಎಂಬ ಉಪಸರ್ಗಕ್ಕೆ ‘ಬಹಳ’ ಎಂಬ ಅರ್ಥ ಹೇಳಿದರೆ ವಿದ್ಯಾರ್ಥಿ ದಾರಿ ತಪ್ಪುತ್ತಾನೆ. ಅತಿಕ್ರಮಣ, ಅತೀತ ಎಂಬ ಪದಗಳಲ್ಲಿರುವಂತೆ ಅದು ‘ಮೀರಿದ’ ಎಂಬ ಅರ್ಥದ್ದು. 160 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ಔಷಧವೊಂದನ್ನು ಕರಗಿಸಿ 100 ಡಿಗ್ರಿಗೆ ಇಳಿಸಿದಾಗ ಅದಿನ್ನೂ ದ್ರವವಾಗಿದ್ದರೆ, ಬೆರಳು ಸುಡುವಷ್ಟು ಬಿಸಿಯಾಗಿದ್ದರೂ ಅದು ಅತಿಶೀತಿತ ದ್ರವವೇ ಸರಿ.

ಹರಳುಗಟ್ಟಲು ಮೊದಲು ಒಂದು ಬೀಜ ಬೇಕು. ಅಂದರೆ ಕೆಲವು ಅಣುಗಳಾದರೂ ಅಕಸ್ಮಾತ್ತಾಗಿ ಸರಿಯಾದ ಕ್ರಮದಲ್ಲಿ ಕೂಡಿಬರಬೇಕು. ಆ ಅವಕಾಶ ಒದಗುವ ಮುನ್ನವೇ ದ್ರವವನ್ನು ಬೇಗಬೇಗನೆ ತಣಿಸುತ್ತ ಹೋದರೆ ಅದರ ಸ್ನಿಗ್ಧತೆ ಏರುತ್ತ, ಏರುತ್ತ, ಕಡೆಗೆ ಅದು ಹರಿಯಲಾರದಷ್ಟು ಬಿಗಿಯಾಗುತ್ತದೆ. ಹೊರನೋಟಕ್ಕೆ ಅದು ಘನ. ಒಳಗಿನ ಅಣುವಿನ್ಯಾಸ ಮಾತ್ರ ದ್ರವದ್ದೇ, ಕ್ರಮವಿಲ್ಲದ್ದು. ಇದೇ ಗಾಜುಸ್ಥಿತಿ. ಯಾವ ಉಷ್ಣತೆಯ ಸುತ್ತಮುತ್ತ ಈ ಬಿಗಿತ ಒದಗುವುದೋ ಅದನ್ನು ಗಾಜುಬಿಂದು ಎನ್ನಬಹುದು. ಅಲ್ಲಿ ದ್ರವದ ಸ್ನಿಗ್ಧತೆ ನೀರಿನ ಸ್ನಿಗ್ಧತೆಗಿಂತ ಹತ್ತರ ಹದಿನೈದನೆಯ ಘಾತದಷ್ಟು ಪಟ್ಟು ಹೆಚ್ಚಾಗಿರುತ್ತದೆ.

ಗಾಜು ಎಂದೊಡನೆ ಕಿಟಕಿಯ ಗಾಜೇ ನೆನಪಾಗುವುದರಿಂದ ಇಲ್ಲಿ ಒಂದು ಮಾತನ್ನು ತಿದ್ದಿಕೊಳ್ಳುವುದು ಉಚಿತ. ಯೂರೋಪಿನ ಹಳೆಯ ಚರ್ಚುಗಳ ಕಿಟಕಿಗಾಜುಗಳು ಕೆಳಭಾಗದಲ್ಲಿ ದಪ್ಪನಾಗಿರುವುದಕ್ಕೆ ಗಾಜು ಶತಮಾನಗಳ ಕಾಲ ಕೆಳಮುಖವಾಗಿ ಹರಿದುದೇ ಕಾರಣವೆಂದು ಕೆಲವು ಪುಸ್ತಕಗಳಲ್ಲಿ ಬರೆದಿರುವುದುಂಟು. ಇದು ಕೇವಲ ಕಥೆ. ಕೋಣೆಯ ಉಷ್ಣತೆಯಲ್ಲಿ ಕಿಟಕಿಗಾಜು ಕಣ್ಣಿಗೆ ಕಾಣುವಷ್ಟು ಹರಿಯಲು ಬೇಕಾದ ಕಾಲ ವಿಶ್ವದ ವಯಸ್ಸನ್ನೂ ಮೀರುತ್ತದೆ; ಆ ದಪ್ಪ ಹಳೆಯ ಕಾಲದ ತಯಾರಿಕೆಯ ದೋಷ. ಗಾಜುಸ್ಥಿತಿಗೆ ನಮ್ಮ ಮಕ್ಕಳಿಗೆ ಪರಿಚಯವಿರುವ ಉದಾಹರಣೆ ಪೆಪ್ಪರಮಿಂಟು. ಸಂಕ್ರಾಂತಿಯ ಸಕ್ಕರೆ ಅಚ್ಚೂ ಸಕ್ಕರೆಯೇ, ಪಾರದರ್ಶಕವಾದ ಪೆಪ್ಪರಮಿಂಟೂ ಬಹುಮಟ್ಟಿಗೆ ಸಕ್ಕರೆಯೇ. ಆದರೆ ಅಚ್ಚಿನಲ್ಲಿ ಸಣ್ಣ ಹರಳುಗಳು ಒತ್ತಾಗಿ ಸೇರಿ ಬೆಳಕನ್ನು ಚದುರಿಸುವುದರಿಂದ ಅದು ಬೆಳ್ಳಗೆ ಮಬ್ಬಾಗಿ ಕಾಣುತ್ತದೆ. ಪೆಪ್ಪರಮಿಂಟಿನಲ್ಲಿ ಹರಳೇ ಇಲ್ಲ, ಅದು ಸಕ್ಕರೆಯ ಗಾಜು. ಜಾತ್ರೆಯಲ್ಲಿ ಮಾರುವ ಬಾಂಬೆ ಮಿಠಾಯಿಯ ಎಳೆಗಳೂ ಗಾಜೇ. ಮಳೆಗಾಲದ ತೇವದ ಗಾಳಿಗೆ ಆ ಮಿಠಾಯಿ ಕೆಲವೇ ನಿಮಿಷಗಳಲ್ಲಿ ಕುಗ್ಗಿ ಅಂಟಂಟಾಗುವುದನ್ನು ಕಂಡವರು ಅದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಅದರ ಕಾರಣ ಮುಂದೆ ಬೇಕಾಗುತ್ತದೆ.

ಔಷಧಕ್ಕೂ ಗಾಜುಸ್ಥಿತಿಗೂ ಏನು ಸಂಬಂಧ? ನುಂಗಿದ ಮಾತ್ರೆ ಮೊದಲು ಜಠರ ಮತ್ತು ಕರುಳಿನ ದ್ರವದಲ್ಲಿ ಕರಗಬೇಕು. ಕರಗದ ಔಷಧ ರಕ್ತವನ್ನು ಸೇರುವುದಿಲ್ಲ, ರಕ್ತವನ್ನು ಸೇರದ ಔಷಧ ರೋಗವನ್ನು ಮುಟ್ಟುವುದಿಲ್ಲ. ಈಚಿನ ದಶಕಗಳಲ್ಲಿ ರಸಾಯನಶಾಸ್ತ್ರಜ್ಞರು ರೂಪಿಸುತ್ತಿರುವ ಔಷಧಾಣುಗಳಲ್ಲಿ ಬಹಳಷ್ಟು ನೀರಿನಲ್ಲಿ ಸುಲಭವಾಗಿ ಕರಗದಂಥವು. ಹರಳಿನಲ್ಲಿ ಪ್ರತಿಯೊಂದು ಅಣುವೂ ನೆರೆಯ ಅಣುಗಳ ನಡುವೆ ಅಚ್ಚುಕಟ್ಟಾಗಿ ಬಿಗಿಯಲ್ಪಟ್ಟಿರುತ್ತದೆ. ಗಾರೆ ಹಾಕಿ ಕಟ್ಟಿದ ಗೋಡೆಯಿಂದ ಒಂದು ಕಲ್ಲನ್ನು ಕೀಳುವುದಕ್ಕೂ ಸುಮ್ಮನೆ ಸುರಿದ ರಾಶಿಯಿಂದ ಒಂದು ಕಲ್ಲನ್ನು ಎತ್ತಿಕೊಳ್ಳುವುದಕ್ಕೂ ಎಷ್ಟು ಅಂತರವೋ, ಹರಳಿನಿಂದ ಅಣು ಬಿಡಿಸಿಕೊಂಡು ನೀರಿಗೆ ಬರುವುದಕ್ಕೂ ಗಾಜಿನಿಂದ ಬರುವುದಕ್ಕೂ ಅಷ್ಟು ಅಂತರ. ಗಾಜುಸ್ಥಿತಿಯ ಔಷಧ ಬೇಗ ಕರಗುತ್ತದೆ, ಹೆಚ್ಚು ಕರಗುತ್ತದೆ.

ಈ ವಿಷಯದಲ್ಲಿ ಹೆಚ್ಚಾಗಿ ಪರೀಕ್ಷೆಗೆ ಒಳಗಾದ ಔಷಧಗಳಲ್ಲಿ ಒಂದು ಇಂಡೊಮೆಥಸಿನ್. ಕೀಲುಗಳ ಉರಿಯೂತಕ್ಕಾಗಿ 1960ರ ದಶಕದಲ್ಲಿ ಬಳಕೆಗೆ ಬಂದ ಮದ್ದು ಇದು. ಇದರ ಹೆಸರಿನ ಮೊದಲ ಭಾಗ ‘ಇಂಡೋಲ್’ ಎಂಬ ಸಂಯುಕ್ತದಿಂದ ಬಂದಿದೆ. ಆ ಇಂಡೋಲನ್ನು 1866ರಲ್ಲಿ ಜರ್ಮನಿಯ ಬೇಯರ್ ಎಂಬ ವಿಜ್ಞಾನಿ ನೀಲಿಬಣ್ಣದ ಮೂಲದಿಂದ ಪಡೆದನು. ನೀಲಿಗೆ ಪಾಶ್ಚಾತ್ಯರು ಇಟ್ಟ ‘ಇಂಡಿಗೋ’ ಎಂಬ ಹೆಸರಿಗೆ ‘ಇಂಡಿಯಾದಿಂದ ಬಂದದ್ದು’ ಎಂಬುದೇ ಮೂಲಾರ್ಥ. ಔಷಧಾಲಯದ ಸೀಸೆಯ ಮೇಲೆ ಭಾರತದ ಹೆಸರು ಹೀಗೆ ಅಡಗಿ ಕುಳಿತಿದೆ. ಇಂಡೊಮೆಥಸಿನ್ನಿನ ಸ್ಥಿರವಾದ ಹರಳು ಸುಮಾರು 160 ಡಿಗ್ರಿಯಲ್ಲಿ ಕರಗುತ್ತದೆ. ಅದರ ಗಾಜುಬಿಂದು ಸುಮಾರು 42 ಡಿಗ್ರಿ. ಮಾರಾಟಕ್ಕೆ ಬರುವ ಸಾಮಾನ್ಯ ಇಂಡೊಮೆಥಸಿನ್ ಹರಳಿನ ರೂಪದ್ದೇ. ಗಾಜಿನ ರೂಪವನ್ನು ವಿಜ್ಞಾನಿಗಳು ನಿದರ್ಶನಕ್ಕಾಗಿ ಆರಿಸಿಕೊಂಡದ್ದು ಅದು ಸುಲಭವಾಗಿ ಗಾಜಾಗುತ್ತದೆ ಎಂಬ ಕಾರಣದಿಂದ.

ಉಷ್ಣಶಾಸ್ತ್ರದ ಲೆಕ್ಕದಂತೆ ಇಂಡೊಮೆಥಸಿನ್ ಗಾಜು ತನ್ನ ಹರಳಿಗಿಂತ ಹತ್ತಾರು ಪಟ್ಟು ಹೆಚ್ಚು ಕರಗಬೇಕು. ಪ್ರಯೋಗದಲ್ಲಿ ಕಂಡದ್ದು ಸುಮಾರು ನಾಲ್ಕೈದು ಪಟ್ಟು ಮಾತ್ರ. ಲೆಕ್ಕದಲ್ಲಿ ತಪ್ಪಿರಲಿಲ್ಲ. ನೀರಿಗೆ ಬಿದ್ದೊಡನೆ ಗಾಜು ತನ್ನ ಮೇಲ್ಮೈಯಲ್ಲಿ ಹರಳುಗಟ್ಟತೊಡಗಿ, ತನಗೆ ದೊರೆತಿದ್ದ ಅನುಕೂಲವನ್ನು ತಾನೇ ಕಳೆದುಕೊಳ್ಳುತ್ತಿತ್ತು. ಗಾಜುಸ್ಥಿತಿಯ ಔಷಧದ ಗುಣವೂ ದೋಷವೂ ಒಂದೇ ಮೂಲದಿಂದ ಬಂದವು: ಅದರಲ್ಲಿ ಶಕ್ತಿ ಹೆಚ್ಚು. ಹೆಚ್ಚು ಶಕ್ತಿಯಿರುವುದರಿಂದ ಬೇಗ ಕರಗುತ್ತದೆ. ಹೆಚ್ಚು ಶಕ್ತಿಯಿರುವುದರಿಂದಲೇ ಹರಳಿಗೆ ಮರಳಲು ಹವಣಿಸುತ್ತದೆ. ನೀರಿನಲ್ಲಿ ಮಾತ್ರವಲ್ಲ, ಅಂಗಡಿಯ ಕಪಾಟಿನಲ್ಲಿದ್ದಾಗಲೂ ಅದು ಹವಣಿಸುತ್ತಲೇ ಇರುತ್ತದೆ. ಒಂದು ವರ್ಷದ ಮೇಲೆ ರೋಗಿಯ ಕೈಸೇರುವ ಮಾತ್ರೆಯಲ್ಲಿ ತೂಕ ಅಷ್ಟೇ, ಬಣ್ಣ ಅದೇ, ಗುಣ ಮಾತ್ರ ಅರೆಪಾಲು ಎಂದಾದರೆ ವೈದ್ಯನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಆದುದರಿಂದ ಹರಳಿಗೆ ಮರಳಲು ಎಷ್ಟು ಕಾಲ ಬೇಕು, ಆ ಕಾಲವನ್ನು ಹಿಗ್ಗಿಸುವುದು ಹೇಗೆ ಎಂಬುದೇ ಮುಖ್ಯ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಬೇಕಾದರೆ ಅತಿಶೀತಿತ ದ್ರವದೊಳಗೆ ಅಣುಗಳು ಹೇಗೆ ಚಲಿಸುತ್ತವೆಂಬುದನ್ನು ತಿಳಿಯಬೇಕು. ತೇರಿನ ಬೀದಿಯನ್ನು ಭಾವಿಸಿಕೊಳ್ಳಬಹುದು. ಮುಂಜಾನೆ ಬೀದಿಯಲ್ಲಿ ನಾಲ್ಕಾರು ಮಂದಿ ಇರುವಾಗ ಯಾರು ಎತ್ತ ಬೇಕಾದರೂ ನಡೆಯಬಹುದು. ಇದು ಸಾಮಾನ್ಯ ದ್ರವ. ಹೊತ್ತೇರಿದಂತೆ ಜನ ಕೂಡುತ್ತಾರೆ. ತೇರು ಎಳೆಯುವ ಹೊತ್ತಿಗೆ ಒಬ್ಬನು ಒಂದು ಹೆಜ್ಜೆ ಸರಿಯಬೇಕಾದರೆ ಪಕ್ಕದವನು ಸರಿಯಬೇಕು, ಪಕ್ಕದವನು ಸರಿಯಲು ಅವನ ಪಕ್ಕದವನು. ಹೀಗೆ ಹತ್ತಿಪ್ಪತ್ತು ಮಂದಿ ಒಟ್ಟಾಗಿ ಕದಲಿದ ಹೊರತು ಒಬ್ಬನೂ ಕದಲಲಾರ. ಆದರೂ ನಿಂತಲ್ಲೇ ಮೈ ತಿರುಗಿಸುವುದು, ಕಾಲು ಬದಲಾಯಿಸುವುದು ಎಲ್ಲರಿಗೂ ಸಾಧ್ಯ. ಅತಿಶೀತಿತ ದ್ರವದಲ್ಲಿಯೂ ಈ ಎರಡು ಬಗೆಯ ಚಲನೆಗಳುಂಟು. ನೆರೆಹೊರೆಯೆಲ್ಲ ಕೂಡಿ ಕದಲುವ ನಿಧಾನವಾದ ಚಲನೆ ಮುಖ್ಯವಾದದ್ದು. 1965ರಲ್ಲಿ ಆಡಂ ಮತ್ತು ಗಿಬ್ಸ್ ಎಂಬ ವಿಜ್ಞಾನಿಗಳು ತಮ್ಮ ಸಿದ್ಧಾಂತದಲ್ಲಿ ಈ ಸಹಚಲನೆಗೆ ಪ್ರಾಧಾನ್ಯ ಕೊಟ್ಟರು. ಇರುವ ಇಕ್ಕಟ್ಟಿನಲ್ಲೇ ನಡೆಯುವ ವೇಗವಾದ ಸಣ್ಣ ಚಲನೆ ಎರಡನೆಯದು. ಬಾಗದ ಗಡುಸು ಅಣುಗಳಲ್ಲಿಯೂ ಅದು ಇರುವುದನ್ನು 1970ರಲ್ಲಿ ಜೋಹರಿ ಮತ್ತು ಗೋಲ್ಡ್‌ಸ್ಟೀನ್ ತೋರಿಸಿದರು. ಗಾಜು ಬಿಗಿದ ಮೇಲೆ ಮೊದಲನೆಯದು ಬಹುಮಟ್ಟಿಗೆ ನಿಂತುಹೋದರೂ ಎರಡನೆಯದು ಮುಂದುವರಿಯುತ್ತದೆ.

ಒಂದು ದ್ರವವನ್ನು ಸ್ವಲ್ಪ ಕದಡಿದರೆ, ಅಣುಗಳು ಪುನಃ ತಮ್ಮ ಸಹಜವಾದ ಹೊಂದಾಣಿಕೆಗೆ ಬರಲು ಒಂದು ಕಾಲ ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಇಟ್ಟಿರುವ ಹೆಸರನ್ನು ಅನುವಾದಿಸುವಾಗ ‘ವಿಶ್ರಾಂತಿಕಾಲ’ ಎಂದು ಬರೆಯುವುದುಂಟು. ಅದು ಅಷ್ಟು ಸಮಂಜಸವಲ್ಲ. ಅಣುವಿಗೆ ಆಯಾಸವೆಲ್ಲಿಯದು, ವಿಶ್ರಾಂತಿಯೆಲ್ಲಿಯದು? ಬಿಗಿದ ಹಗ್ಗ ತಾನೇ ತಾನಾಗಿ ಸಡಿಲಗೊಳ್ಳುವಂತೆ ಉಂಟಾದ ಬಿಗಿತ ಕ್ರಮೇಣ ತಗ್ಗುವ ಕ್ರಿಯೆ ಇದಾದುದರಿಂದ ‘ಸಡಿಲಿಕೆ’ ಎಂಬ ಅಚ್ಚಗನ್ನಡ ಮಾತೇ ಸಾಕು. ಸಡಿಲಿಕೆಯ ಕಾಲ ಸಾಮಾನ್ಯ ದ್ರವದಲ್ಲಿ ಒಂದು ಸೆಕೆಂಡಿನ ಲಕ್ಷ ಕೋಟಿ ಭಾಗಗಳಲ್ಲಿ ಕೆಲವು ಭಾಗ ಮಾತ್ರ. ಗಾಜುಬಿಂದುವಿನಲ್ಲಿ ಅದು ಸುಮಾರು ನೂರು ಸೆಕೆಂಡು. ಕೆಮ್ಮಿನ ಔಷಧಗಳಲ್ಲಿ ಸೇರುವ ಗ್ಲಿಸರಿನ್ ಕೋಣೆಯ ಉಷ್ಣತೆಯಲ್ಲಿ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದ ಆಸುಪಾಸಿನಲ್ಲಿ ಸಡಿಲಗೊಳ್ಳುತ್ತದೆ; ಸೊನ್ನೆಗಿಂತ 83 ಡಿಗ್ರಿ ಕೆಳಗೆ ಅದೇ ಕಾರ್ಯಕ್ಕೆ ಅದಕ್ಕೆ ನಿಮಿಷಗಳು ಬೇಕು.

ಈ ನಿಧಾನ ಒಂದೇ ಸಮನೆ ಏರುವುದಿಲ್ಲ ಎಂಬುದು ಗಮನಾರ್ಹ. ಅಮೆರಿಕದ ಆಂಜೆಲ್ ಎಂಬ ವಿಜ್ಞಾನಿ ಗಾಜಾಗುವ ದ್ರವಗಳಲ್ಲಿ ‘ದೃಢ’ ಮತ್ತು ‘ಭಂಗುರ’ ಎಂಬ ಭೇದವನ್ನು ಗುರುತಿಸಿದನು. ಭಂಗುರವೆಂದರೆ ಬಿದ್ದರೆ ಒಡೆಯುವುದೆಂದು ಅರ್ಥವಲ್ಲ. ಉಷ್ಣತೆ ತುಸುವೇ ಬದಲಾದರೂ ಅಣುಚಲನೆಯ ವೇಗ ವಿಪರೀತವಾಗಿ ಬದಲಾಗುವುದೆಂದು ಅರ್ಥ. ಮರಳಿನ ಮೂಲದ್ರವ್ಯವಾದ ಸಿಲಿಕ ದೃಢದ್ರವ. ಇಂಡೊಮೆಥಸಿನ್ ಮೊದಲಾದ ಬಹಳಷ್ಟು ಔಷಧಗಳು ಭಂಗುರ. ಇಂಡೊಮೆಥಸಿನ್ನಿನ ಗಾಜುಬಿಂದುವಿನ ಹತ್ತಿರ ಸುಮಾರು ನಾಲ್ಕು ಡಿಗ್ರಿ ಬಿಸಿ ಹೆಚ್ಚಾದರೆ ಸಾಕು, ಸಡಿಲಿಕೆ ಹತ್ತು ಪಟ್ಟು ಚುರುಕಾಗುತ್ತದೆ. ಕಪಾಟಿನ ಬಿಸಿ ನಾಲ್ಕು ಡಿಗ್ರಿ ಹೆಚ್ಚಿತೆಂದು ಮನುಷ್ಯನು ಗಮನಿಸುವುದೂ ಇಲ್ಲ.

ಅಣುವಿನ ಈ ಚಲನೆಯನ್ನು ಅಳೆಯುವ ಬಗೆ ಸ್ವಾರಸ್ಯವಾದುದು. ಅನೇಕ ಅಣುಗಳಲ್ಲಿ ಒಂದು ತುದಿ ತುಸು ಧನವಿದ್ಯುತ್ತಿನಿಂದಲೂ ಇನ್ನೊಂದು ತುದಿ ತುಸು ಋಣವಿದ್ಯುತ್ತಿನಿಂದಲೂ ಕೂಡಿರುತ್ತವೆ. ಅಂಥ ದ್ರವವನ್ನು ಎರಡು ಲೋಹದ ತಟ್ಟೆಗಳ ನಡುವೆ ಇಟ್ಟು, ದಿಕ್ಕು ಬದಲಾಯಿಸುವ ವಿದ್ಯುತ್ ಕ್ಷೇತ್ರವನ್ನು ಹಾಯಿಸಿದರೆ, ಅಣುಗಳು ಕ್ಷೇತ್ರದೊಡನೆ ತಿರುಗಲು ಯತ್ನಿಸುತ್ತವೆ. ಕ್ಷೇತ್ರ ನಿಧಾನವಾಗಿ ಬದಲಾದರೆ ಅವು ಜೊತೆಗೂಡಿ ತಿರುಗುತ್ತವೆ. ಅತಿ ವೇಗವಾಗಿ ಬದಲಾದರೆ ತಿರುಗಲಾರದೆ ಇದ್ದಲ್ಲೇ ಉಳಿಯುತ್ತವೆ. ನಡುವಿನ ಒಂದು ವೇಗದಲ್ಲಿ ಅವು ಎಳೆದಾಡಿ ಅತ್ಯಧಿಕ ಶಕ್ತಿಯನ್ನು ಹೀರುತ್ತವೆ. ಆ ವೇಗದಿಂದಲೇ ಸಡಿಲಿಕೆಯ ಕಾಲ ದೊರೆಯುತ್ತದೆ. ಇದಕ್ಕೆ ಸಿದ್ಧಾಂತದ ಬುನಾದಿ ಹಾಕಿದವನು 1936ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ ಡಿಬೈ. ಪೋಲೆಂಡಿನ ಕಾಟೊವಿತ್ಸೆ ನಗರದ ಸೈಲೀಸಿಯಾ ವಿಶ್ವವಿದ್ಯಾಲಯದಲ್ಲಿ ಈ ವಿಧಾನದಿಂದ ಹತ್ತಾರು ಔಷಧಗಳನ್ನು ಪರೀಕ್ಷಿಸಲಾಗಿದೆ. ನಿಜವಾದ ಔಷಧದ್ರವದಲ್ಲಿ ಎಲ್ಲ ಅಣುಗಳಿಗೂ ಒಂದೇ ಸಡಿಲಿಕೆಯ ಕಾಲ ಇರುವುದಿಲ್ಲ. ತೇರಿನ ಬೀದಿಯಲ್ಲಿಯೂ ಒಂದೆಡೆ ಒತ್ತು ಹೆಚ್ಚು, ಒಂದೆಡೆ ಕಡಿಮೆಯಲ್ಲವೆ?

ಇನ್ನು ಜಲಜನಕ ಬಂಧದ ವಿಚಾರ. ಆಮ್ಲಜನಕ ಅಥವಾ ಸಾರಜನಕದೊಡನೆ ಕೂಡಿರುವ ಜಲಜನಕದ ಪರಮಾಣು ತನ್ನ ಎಲೆಕ್ಟ್ರಾನಿನ ಬಹುಪಾಲನ್ನು ಆ ಜೊತೆಗಾರನಿಗೆ ಒಪ್ಪಿಸಿರುವುದರಿಂದ ತಾನು ತುಸು ಧನವಿದ್ಯುತ್ತಿನದಾಗಿರುತ್ತದೆ. ಹತ್ತಿರದಲ್ಲಿ ಇನ್ನೊಂದು ಅಣುವಿನ ಆಮ್ಲಜನಕವೋ ಸಾರಜನಕವೋ ಇದ್ದರೆ ಅದರತ್ತ ಕೈ ಚಾಚುತ್ತದೆ. ಈ ಹಿಡಿತ ರಾಸಾಯನಿಕ ಬಂಧದ ಸುಮಾರು ಇಪ್ಪತ್ತರಲ್ಲೊಂದು ಭಾಗದಷ್ಟು ಬಲದ್ದು. ನೀರಿನಲ್ಲಿ ಇಂಥ ಒಂದು ಹಿಡಿತ ಬಾಳುವುದು ಸೆಕೆಂಡಿನ ಲಕ್ಷ ಕೋಟಿಯಲ್ಲೊಂದೆರಡು ಭಾಗ ಮಾತ್ರ. ಬಿಡುತ್ತದೆ, ಮತ್ತೊಂದನ್ನು ಹಿಡಿಯುತ್ತದೆ. ಬಿಡಿಯಾಗಿ ನೋಡಿದರೆ ದುರ್ಬಲ; ಲೆಕ್ಕವಿಲ್ಲದಷ್ಟು ಸೇರಿದಾಗ ನೀರನ್ನು ನೂರು ಡಿಗ್ರಿಯವರೆಗೆ ಕುದಿಯಗೊಡದೆ ಹಿಡಿದಿಡುವ ಬಲ ಇದೇ. 1920ರಲ್ಲಿ ಲ್ಯಾಟಿಮರ್ ಮತ್ತು ರೋಡ್‌ಬುಷ್ ಇದನ್ನು ಸ್ಪಷ್ಟವಾಗಿ ಪ್ರತಿಪಾದಿಸಿದರು. ಇದಕ್ಕೆ ಸಂಬಂಧಿಸಿದ ಸಂಶೋಧನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೆಸರೂ ಸೇರಿದೆ. ದುರ್ಬಲ ಜಲಜನಕ ಬಂಧಗಳು ಹರಳುಗಳನ್ನು ಕಟ್ಟುವ ಬಗೆಯ ಮೇಲೆ ಪ್ರಮಾಣಗ್ರಂಥ ಬರೆದ ಗೌತಮ ದೇಸಿರಾಜು 2009ರಿಂದ ಅಲ್ಲಿ ಅಧ್ಯಾಪಕರಾದರು.

ಜಲಜನಕ ಬಂಧಗಳಿದ್ದರೆ ದ್ರವ ಬಿಗಿಯಾಗುತ್ತದೆ, ಬಿಗಿಯಾದರೆ ಗಾಜು ಸ್ಥಿರವಾಗುತ್ತದೆ ಎಂದು ಆತುರದಿಂದ ತೀರ್ಮಾನಿಸಬಹುದು. ಪ್ರಕೃತಿ ಅಷ್ಟು ಸರಳವಲ್ಲ. ಗ್ಲಿಸರಿನ್ ಅಣುವಿಗೆ ಮೂರು ಕೈಗಳು. ನೆರೆಯವರನ್ನು ಎಲ್ಲ ದಿಕ್ಕಿಗೂ ಹಿಡಿದು ಅದು ಗೊಂದಲದ ಬಲೆಯನ್ನೇ ಹೆಣೆಯುತ್ತದೆ. 18 ಡಿಗ್ರಿಯಲ್ಲಿ ಹರಳುಗಟ್ಟಬೇಕಾದ ಗ್ಲಿಸರಿನ್ ಹಾಗೆ ಹರಳುಗಟ್ಟುವುದನ್ನು ಕಂಡವರೇ ವಿರಳ. ಇಲ್ಲಿ ಬಂಧವು ಗಾಜಿನ ಮಿತ್ರ. ಇಂಡೊಮೆಥಸಿನ್ ಅಣುವಿನಲ್ಲಾದರೋ ವಿನೆಗರಿನಲ್ಲಿರುವಂಥ ಒಂದು ಆಮ್ಲಗುಂಪು ಇದೆ. ಎರಡು ಅಣುಗಳ ಆಮ್ಲಗುಂಪುಗಳು ಎದುರುಬದುರಾಗಿ ನಿಂತು ಎರಡೆರಡು ಜಲಜನಕ ಬಂಧಗಳಿಂದ ಕೈಕೈ ಹಿಡಿದು ಜೋಡಿಯಾಗುತ್ತವೆ. ಗಾಜಿನಲ್ಲಿಯೂ ಈ ಜೋಡಿಗಳುಂಟು. ಸ್ಥಿರವಾದ ಹರಳೂ ಇಂಥ ಜೋಡಿಗಳಿಂದಲೇ ಕಟ್ಟಿದ್ದು. ಅಂದರೆ ಗೋಡೆಗೆ ಬೇಕಾದ ಇಟ್ಟಿಗೆಗಳು ರಾಶಿಯಲ್ಲಿ ಆಗಲೇ ಸಿದ್ಧವಾಗಿವೆ. ಇಲ್ಲಿ ಬಂಧವು ಹರಳಿನ ಮಿತ್ರ.

ನೋವಿಗೆ ನುಂಗುವ ಐಬುಪ್ರೊಫೆನ್ ಇದಕ್ಕೆ ಸಮೀಪದ ಇನ್ನೊಂದು ನಿದರ್ಶನ. ಅದಕ್ಕೂ ಆಮ್ಲಗುಂಪುಂಟು, ಅದರ ಗಾಜುಬಿಂದು ಸೊನ್ನೆಗಿಂತ ಸುಮಾರು 45 ಡಿಗ್ರಿ ಕೆಳಗೆ. 2008ರಲ್ಲಿ ಪ್ರಕಟವಾದ ವಿದ್ಯುತ್ ಪರೀಕ್ಷೆಗಳಲ್ಲಿ ಅತಿಶೀತಿತ ಐಬುಪ್ರೊಫೆನ್ನಿನ ಮುಖ್ಯ ಸಡಿಲಿಕೆಗಿಂತಲೂ ನಿಧಾನವಾದ ಇನ್ನೊಂದು ಚಲನೆ ಕಂಡುಬಂದಿತು. ಅಣುವಿಗಿಂತ ನಿಧಾನವಾಗಿ ಚಲಿಸುವುದು ಯಾವುದು? ಜಲಜನಕ ಬಂಧಗಳಿಂದ ಕೂಡಿಕೊಂಡ ಅಣುಗಳ ಕೂಟವೇ ಅದಕ್ಕೆ ಹೊಣೆಯೆಂದೂ, ಆಮ್ಲಗುಂಪು ತನ್ನ ಬಾಗನ್ನು ಬದಲಿಸಬೇಕಾದರೆ ಈ ಹಿಡಿತವನ್ನು ಬಿಡಿಸಿಕೊಳ್ಳಬೇಕಾಗುವುದೆಂದೂ ಗಣಕಯಂತ್ರದ ಲೆಕ್ಕಾಚಾರಗಳು ಸೂಚಿಸಿದವು.

ಈ ಜೋಡಿಗಳನ್ನು ಬಿಡಿಸಿದರೆ ಹರಳುಗಟ್ಟುವುದನ್ನು ತಡೆಯಬಹುದೆ? ದಾಸೋಹದ ಅಡುಗೆಮನೆಯಲ್ಲಿ ಪಾಕ ಹಿಡಿಯುವವರು ಅದು ಮರಳುಮರಳಾಗದಿರಲೆಂದು ನಿಂಬೆಹುಳಿ ಹಿಂಡುತ್ತಾರೆ. ಹುಳಿಯಿಂದ ಸಕ್ಕರೆಯ ಒಂದಂಶ ಒಡೆದು ಬೇರೆ ಬಗೆಯ ಸಕ್ಕರೆಗಳಾಗುತ್ತದೆ. ಈ ಪರಕೀಯ ಅಣುಗಳು ನಡುನಡುವೆ ನಿಂತು ಹರಳಿನ ಸಾಲು ಕೂಡದಂತೆ ಮಾಡುತ್ತವೆ. ಔಷಧಶಾಸ್ತ್ರಜ್ಞರು ಹಿಡಿದ ಉಪಾಯವೂ ಇದೇ ಜಾತಿಯದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜ್ಯಾರ್ಜ್ ಜೊಗ್ರಾಫಿ ಮತ್ತು ಸಂಗಡಿಗರು ಇಂಡೊಮೆಥಸಿನ್ನಿಗೆ ಪಾಲಿವಿನೈಲ್‌ಪಿರೊಲಿಡೋನ್ ಎಂಬ ಪಾಲಿಮರನ್ನು ಬೆರೆಸಿ ನೋಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಯಾಳುಗಳಿಗೆ ರಕ್ತರಸದ ಬದಲಾಗಿ ಕೊಡುತ್ತಿದ್ದ ಪದಾರ್ಥವದು. ಸ್ವಲ್ಪ ಪ್ರಮಾಣದಲ್ಲಿ ಬೆರೆಸಿದರೂ ಹರಳುಗಟ್ಟುವಿಕೆ ಬಹಳವಾಗಿ ತಗ್ಗಿದುದನ್ನು 1995ರಲ್ಲಿ ಅವರು ಪ್ರಕಟಿಸಿದರು. 1997ರಲ್ಲಿ ಲಿನ್ ಟೇಲರ್ ಮತ್ತು ಜೊಗ್ರಾಫಿ ಅದರ ಕಾರಣವನ್ನೂ ತೋರಿಸಿಕೊಟ್ಟರು. ಈ ಪಾಲಿಮರಿನ ಸರಪಳಿಯಲ್ಲಿ ಕೈ ಹಿಡಿಯಗೊಡುವ ಆಮ್ಲಜನಕಗಳು ಸಾಲಾಗಿವೆ, ಕೈ ಚಾಚುವ ಜಲಜನಕ ಒಂದೂ ಇಲ್ಲ. ಆದುದರಿಂದ ಅದು ತನ್ನೊಳಗೆ ತಾನು ಬಂಧಿಸಿಕೊಳ್ಳಲಾರದು; ಔಷಧದ ಅಣು ತನ್ನ ಜೋಡಿಯನ್ನು ಬಿಟ್ಟು ಸರಪಳಿಯ ಕೈ ಹಿಡಿಯುತ್ತದೆ. ಜೋಡಿ ಮುರಿದ ಮೇಲೆ ಇಟ್ಟಿಗೆಯೂ ಇಲ್ಲ, ಗೋಡೆಯೂ ಇಲ್ಲ.

ಇದನ್ನು ಅವರು ಕಂಡದ್ದು ಅವಕೆಂಪು ಕಿರಣಗಳಿಂದಲೂ ರಾಮನ್ ಪರಿಣಾಮದಿಂದಲೂ. ಇಂಗಾಲ–ಆಮ್ಲಜನಕಗಳ ಜೋಡುಬಂಧ ಬಿಡಿಯಾಗಿರುವಾಗ ಕಂಪಿಸುವುದಕ್ಕೂ ಜಲಜನಕದ ಹಿಡಿತಕ್ಕೆ ಸಿಕ್ಕಾಗ ಕಂಪಿಸುವುದಕ್ಕೂ ವ್ಯತ್ಯಾಸವುಂಟು. ಹಿಡಿತಕ್ಕೆ ಸಿಕ್ಕಿದಾಗ ಕಂಪನ ತುಸು ನಿಧಾನವಾಗುತ್ತದೆ. ಚಂದ್ರಶೇಖರ ವೆಂಕಟರಾಮನ್ನರು 1928ರಲ್ಲಿ ಕಲಕತ್ತೆಯಲ್ಲಿ ಕಂಡು, 1933ರಿಂದ ಬೆಂಗಳೂರಿನಲ್ಲಿ ನೆಲೆಸಿ ಮುಂದುವರಿಸಿದ ಅಧ್ಯಯನ, ಮಾತ್ರೆಯೊಳಗಿನ ಅಣುಗಳು ಯಾರ ಕೈ ಹಿಡಿದಿವೆಯೆಂದು ಹೇಳುವ ಸಾಧನವಾಗಿ ಇಂದು ಔಷಧ ಪ್ರಯೋಗಾಲಯಗಳಲ್ಲಿ ನಿತ್ಯ ಬಳಕೆಯಲ್ಲಿದೆ.

ಇಲ್ಲಿಗೆ ಬಾಂಬೆ ಮಿಠಾಯಿಯ ಪ್ರಸ್ತಾಪ ಮರಳಿ ಬರುತ್ತದೆ. ನೀರಿನ ಅಣು ಚಿಕ್ಕದು, ಚುರುಕಾದುದು. ಕೈ ಚಾಚಲೂ ಬಲ್ಲುದು, ಕೈ ಹಿಡಿಯಗೊಡಲೂ ಬಲ್ಲುದು. ಗಾಜಿನೊಳಕ್ಕೆ ನುಗ್ಗಿದ ನೀರು ದೊಡ್ಡ ಅಣುಗಳ ನಡುವಿನ ಜಲಜನಕ ಬಂಧಗಳನ್ನು ಬಿಡಿಸಿ ತಾನು ಮಧ್ಯೆ ನಿಲ್ಲುತ್ತದೆ. ಒಟ್ಟು ಕೂಟ ಸಡಿಲವಾಗಿ ಗಾಜುಬಿಂದು ಕೆಳಗಿಳಿಯುತ್ತದೆ. ನೂರಕ್ಕೆ ಒಂದು ಭಾಗ ನೀರು ಸೇರಿದರೆ ಸ್ಥೂಲವಾಗಿ ಹತ್ತು ಡಿಗ್ರಿಯಷ್ಟು ಇಳಿಯುವುದುಂಟು. ಗಾಜುಬಿಂದು ಗಾಳಿಯ ಉಷ್ಣತೆಗಿಂತ ಕೆಳಗಿಳಿದೊಡನೆ ಮಿಠಾಯಿಯ ಎಳೆ ಪುನಃ ದ್ರವದಂತಾಗಿ ಕುಸಿಯುತ್ತದೆ. ಮಾತ್ರೆಗೂ ಇದೇ ಗತಿ. ಮೇಲೆ ಹೇಳಿದ ಪಾಲಿಮರ್ ಜೋಡಿಗಳನ್ನು ಬಿಡಿಸುವುದರಲ್ಲಿ ಎಷ್ಟು ಸಮರ್ಥವೋ ಗಾಳಿಯ ತೇವವನ್ನು ಹೀರುವುದರಲ್ಲಿಯೂ ಅಷ್ಟೇ ಸಮರ್ಥ. ಅದರ ಉಪಕಾರವನ್ನು ಪಡೆಯುವವರು ಈ ದೋಷವನ್ನೂ ಸಹಿಸಬೇಕು. ಕೆಲವು ಮಾತ್ರೆಗಳನ್ನು ಎರಡೂ ಬದಿಗೆ ಅಲ್ಯೂಮಿನಿಯಂ ಹಾಳೆಯಿರುವ ಪಟ್ಟಿಯಲ್ಲಿ ಒಂದೊಂದಾಗಿ ಮುಚ್ಚುವುದು ಅಲಂಕಾರಕ್ಕಲ್ಲ. ಮೇಲ್ಮೈಯಲ್ಲಿ ಅಣುಗಳಿಗೆ ಒಂದು ಬದಿ ನೆರೆಯೇ ಇಲ್ಲದುದರಿಂದ ಅಲ್ಲಿ ಹರಳು ಬಹುಬೇಗ ಬೆಳೆಯುತ್ತದೆ; ಅದೇ ವಿಸ್ಕಾನ್ಸಿನ್ನಿನಲ್ಲಿ ಇಂಡೊಮೆಥಸಿನ್ ಗಾಜಿಗೆ ಚಿನ್ನದ ಅತಿ ತೆಳುವಾದ ಲೇಪ ಕೊಟ್ಟು ಆ ಬೆಳವಣಿಗೆಯನ್ನು ತಡೆದುದು 2007ರಲ್ಲಿ ಪ್ರಕಟವಾಯಿತು.

ಹಾಗಾದರೆ ಗಾಜಿನ ಔಷಧವನ್ನು ಎಷ್ಟು ತಂಪಿನಲ್ಲಿಡಬೇಕು? ಗಾಜುಬಿಂದುವಿಗಿಂತ ಕೆಳಗಿದ್ದರೆ ಸಾಕೆಂಬ ನಂಬಿಕೆಯಿತ್ತು. ಬ್ರೂನೋ ಹ್ಯಾಂಕಾಕ್, ಷ್ಯಾಂಬ್ಲಿನ್ ಮತ್ತು ಜೊಗ್ರಾಫಿ 1995ರಲ್ಲಿ ಇಂಡೊಮೆಥಸಿನ್, ಸಕ್ಕರೆ ಮತ್ತು ಆ ಪಾಲಿಮರುಗಳ ಸಡಿಲಿಕೆಯನ್ನು ಅಳೆದು, ಗಾಜುಬಿಂದುವಿಗಿಂತ ಸುಮಾರು 50 ಡಿಗ್ರಿ ಕೆಳಗಿಳಿದ ಹೊರತು ಅಣುಚಲನೆ ಔಷಧದ ಆಯುಷ್ಯಕ್ಕೆ ನಗಣ್ಯವಾಗುವುದಿಲ್ಲವೆಂದು ತೋರಿಸಿದರು. ಬರಿಯ ಇಂಡೊಮೆಥಸಿನ್ನಿಗೆ ಇದು ಸೊನ್ನೆಗಿಂತ 8 ಡಿಗ್ರಿ ಕೆಳಗೆ ಎಂದಾಯಿತು. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ನೆರಳಿನ ಉಷ್ಣತೆಯೇ 40 ಡಿಗ್ರಿಯನ್ನು ದಾಟುತ್ತದೆ; ಅಂದರೆ ಇಂಡೊಮೆಥಸಿನ್ನಿನ ಗಾಜುಬಿಂದುವನ್ನೇ ಮುಟ್ಟುತ್ತದೆ. ಜ್ವರದ ಮದ್ದಾದ ಪ್ಯಾರಾಸಿಟಮಾಲಿನ ಗಾಜುಬಿಂದು ಸುಮಾರು 24 ಡಿಗ್ರಿ. ಅದನ್ನು ಗಾಜಾಗಿ ಮಾಡಿದರೆ ಬೆಂಗಳೂರಿನ ಹಿತವಾದ ಹವೆಯಲ್ಲಿಯೂ ಅದು ನಿಲ್ಲದು.

ಅಣುಚಲನೆಯೊಂದೇ ಎಲ್ಲವನ್ನೂ ನಿರ್ಣಯಿಸುತ್ತದೆಂದೂ ಹೇಳಲಾಗದು. ರಕ್ತದೊತ್ತಡಕ್ಕೆ ಕೊಡುವ ನಿಫೆಡಿಪಿನ್, ಫೆಲೊಡಿಪಿನ್ ಎಂಬ ಎರಡು ಮದ್ದುಗಳು ರಚನೆಯಲ್ಲಿ ಅಕ್ಕತಂಗಿಯರಂತಿವೆ. ಗಾಜುಬಿಂದುಗಳೂ ಹತ್ತಿರ ಹತ್ತಿರ, ಅಣುಚಲನೆಯೂ ಹೆಚ್ಚುಕಡಿಮೆ ಒಂದೇ. ಆದರೂ ನಿಫೆಡಿಪಿನ್ ಗಾಜು ಬಹಳ ಬೇಗ ಹರಳಾಗುತ್ತದೆಯೆಂದೂ, ಹರಳಾಗಲು ಅದಕ್ಕಿರುವ ಸೆಳೆತವೇ ಹೆಚ್ಚೆಂದೂ 2006ರ ಅಧ್ಯಯನವೊಂದು ತಿಳಿಸಿತು. ಚಲಿಸುವ ಶಕ್ತಿ ಬೇರೆ, ಚಲಿಸಬೇಕೆಂಬ ಪ್ರೇರಣೆ ಬೇರೆ.

ಹರಳಿನ ಸೆಳೆತ ಎಂಥ ಅನಾಹುತ ಮಾಡಬಲ್ಲುದೆಂಬುದಕ್ಕೆ ರಿಟೊನವಿರ್ ಔಷಧದ ಇತಿಹಾಸ ಸಾಕ್ಷಿ. ಎಚ್.ಐ.ವಿ. ಸೋಂಕಿನ ಚಿಕಿತ್ಸೆಗಾಗಿ 1996ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಕ್ಯಾಪ್ಸೂಲಿನೊಳಗೆ ಔಷಧ ದ್ರಾವಣರೂಪದಲ್ಲಿತ್ತು. 1998ರಲ್ಲಿ ಕ್ಯಾಪ್ಸೂಲುಗಳು ಕರಗುವಿಕೆಯ ಪರೀಕ್ಷೆಯಲ್ಲಿ ಒಂದರ ಹಿಂದೆ ಒಂದು ವಿಫಲವಾದವು. ಒಳಗೆ ನೋಡಿದರೆ, ಅದುವರೆಗೆ ಯಾರೂ ಕಂಡಿರದ ಹೊಸ ಬಗೆಯ ಹರಳು ಒತ್ತರಿಸಿತ್ತು. ಹಳೆಯ ಹರಳಿಗಿಂತ ಇದರಲ್ಲಿ ಜಲಜನಕ ಬಂಧಗಳು ಪೂರ್ಣವಾಗಿ ಕೂಡಿಬಂದಿದ್ದುದರಿಂದ ಇದು ಹೆಚ್ಚು ಸ್ಥಿರ, ಅಷ್ಟೇ ಕಡಿಮೆ ವಿಲೇಯ. ಆ ಕ್ಯಾಪ್ಸೂಲನ್ನು ಹಿಂತೆಗೆದುಕೊಳ್ಳಬೇಕಾಯಿತು. ಜೀವ ಹಿಡಿದುಕೊಂಡು ಅದನ್ನೇ ನಂಬಿದ್ದ ರೋಗಿಗಳು ರುಚಿಗೆಟ್ಟ ದ್ರವರೂಪದ ಮದ್ದನ್ನು ಕುಡಿಯಬೇಕಾಯಿತು. ಅನಂತರ ಬಂದ ಮೃದುವಾದ ಕ್ಯಾಪ್ಸೂಲುಗಳಿಗೆ ಶೀತಕಯಂತ್ರ ಬೇಕು. ವಿದ್ಯುತ್ತೇ ಇಲ್ಲದ ಆಫ್ರಿಕಾದ ಹಳ್ಳಿಗಳಲ್ಲಿ, ಬಿಸಿಲು ಕಾಯುವ ನಾಡುಗಳಲ್ಲಿ ಅದನ್ನು ಕಾಪಾಡುವುದು ಹೇಗೆ?

2005ರಲ್ಲಿ ಇದಕ್ಕೆ ಪರಿಹಾರ ಬಂದದ್ದು ಗಾಜಿನ ರೂಪದಲ್ಲಿಯೇ. ರಿಟೊನವಿರ್ ಮತ್ತು ಲೊಪಿನವಿರ್ ಎಂಬ ಎರಡು ಔಷಧಗಳನ್ನು, ಇಂಡೊಮೆಥಸಿನ್ನಿನ ಪರೀಕ್ಷೆಯಲ್ಲಿ ಬಂದ ಪಾಲಿಮರಿನ ಹತ್ತಿರದ ಬಂಧುವಾದ ಕೊಪೊವಿಡೋನಿನೊಡನೆ ಬಿಸಿಯಲ್ಲಿ ಕರಗಿಸಿ ಕಲಸಿ, ಶಾವಿಗೆ ಒತ್ತುವಂತೆ ಯಂತ್ರದಲ್ಲಿ ಒತ್ತಿ, ತಣಿಸಿ, ಪುಡಿಮಾಡಿ ಮಾತ್ರೆ ಕಟ್ಟಿದರು. ಔಷಧದ ಅಣುಗಳು ಪಾಲಿಮರಿನ ಸರಪಳಿಗಳ ನಡುವೆ ಒಂದನ್ನೊಂದು ಕೂಡಲಾರದೆ ಚದುರಿ ನಿಂತವು. ಆ ಮಾತ್ರೆಗೆ ಶೀತಕಯಂತ್ರ ಬೇಕಾಗಲಿಲ್ಲ. ತಿಂಗಳಿಗೊಮ್ಮೆ ದೂರದ ಆಸ್ಪತ್ರೆಗೆ ನಡೆದುಹೋಗಿ ಮದ್ದು ತರುವ ರೋಗಿ ಅದನ್ನು ಗುಡಿಸಲಿನ ಗೂಡಿನಲ್ಲಿಯೇ ಇಟ್ಟುಕೊಳ್ಳಬಹುದಾಯಿತು.